ಕೋಲು ಹಿಡಿಯದ ಅಜ್ಜಿ: ಒಂದು ನಲಿ-ಕಲಿ ತರಗತಿಯ ಪ್ರಕರಣ ಅಧ್ಯಯನ

ಶಿರಾ ಸೀಮೆಯ ಒಂದು ಸಣ್ಣ ಊರು. ಅಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂತು, ಚಟುವಟಿಕೆಗಳ ಮೂಲಕ ನಲಿಯುತ್ತಾ ಕಲಿಯುವ ನಲಿ-ಕಲಿ ಕ್ರಮದಲ್ಲಿ ಕಲಿಯುತ್ತಾರೆ. ವಯಸ್ಸು ಆರರಿಂದ ಎಂಟು. ಕುಟುಂಬದ ಪಾಠ ಮುಗಿದ ಮೇಲೆ, ನಿಮ್ಮ ಅಜ್ಜಿ ಅಥವಾ ತಾತನ ಚಿತ್ರ ಬರೆಯಿರಿ ಎಂದು ಹೇಳಿದೆ. ಬಂದ ಚಿತ್ರಗಳು ಹೆಚ್ಚುಕಮ್ಮಿ ಒಂದೇ ಥರ ಇದ್ದವು. ಬಿಳಿ ತುರುಬು, ದುಂಡು ಕನ್ನಡಕ, ಬಾಗಿದ ಬೆನ್ನು, ಕೈಯಲ್ಲಿ ಕೋಲು. ತಾತನಾದರೆ ತುರುಬಿನ ಬದಲು ಬೋಳುತಲೆ, ಮೂಗಿನ ಕೆಳಗೆ ಬಿಳಿ ಮೀಸೆ. ಮಕ್ಕಳ ಹೆಸರು ಮುಚ್ಚಿಟ್ಟರೆ ಯಾರ ಅಜ್ಜಿ ಯಾವುದು ಅಂತ ಹೇಳಲು ಆಗುತ್ತಿರಲಿಲ್ಲ.

ಆ ತರಗತಿಯಲ್ಲಿ ಮುಂದೆ ಏನಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಅದರಲ್ಲೂ ಎರಡನೇ ತರಗತಿಯ ಒಬ್ಬ ಹುಡುಗಿಯ ಚಿತ್ರದ ಬಗ್ಗೆ ಜಾಸ್ತಿ ಹೇಳಬೇಕಿದೆ. ಮಕ್ಕಳ ಹೆಸರು, ಊರಿನ ಹೆಸರು ಬೇಕಂತಲೇ ಬಿಟ್ಟಿದ್ದೇನೆ.

ಈ ಹುಡುಗಿಯ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ. ಹಬ್ಬಕ್ಕೆ, ಜಾತ್ರೆಗೆ ಬಂದು ಹೋಗುತ್ತಾರೆ. ಇವಳು ಊರಲ್ಲೇ ಅಜ್ಜಿಯ ಜೊತೆ ಬೆಳೆಯುತ್ತಿದ್ದಾಳೆ. ತಲೆ ಬಾಚುವವರು ಅಜ್ಜಿ, ಮುದ್ದೆ ಕಟ್ಟಿ ಹಾಕುವವರು ಅಜ್ಜಿ, ರಾತ್ರಿ ಪಕ್ಕದಲ್ಲಿ ಮಲಗುವವರೂ ಅಜ್ಜಿಯೇ. ಅವರ ಮುಖವನ್ನು ಇವಳಷ್ಟು ಹತ್ತಿರದಿಂದ ನೋಡಿದವರು ಊರಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಆದರೂ ಕಾಗದದ ಮೇಲೆ ಬಂದದ್ದು ಗೋಡೆಯ ಚಾರ್ಟಿನಲ್ಲಿದ್ದ ಅಜ್ಜಿ.

"ನಿಮ್ಮಜ್ಜಿ ಕೋಲು ಹಿಡ್ಕೊಂಡು ಓಡಾಡ್ತಾರಾ?" ಎಂದು ಕೇಳಿದೆ.

"ಇಲ್ಲ ಮಿಸ್. ನಮ್ಮಜ್ಜಿ ಕಳೆ ಕೀಳಕ್ಕೆ ಹೋಗ್ತೈತೆ."

"ಮತ್ತೆ ಚಿತ್ರದಲ್ಲಿ ಕೋಲು ಯಾಕೆ ಬಂತು?"

"ಅಜ್ಜಿ ಅಂದ್ರೆ ಕೋಲು ಇರ್ತೈತಲ್ಲ ಮಿಸ್."

ಅವಳ ದನಿಯಲ್ಲಿ ಅನುಮಾನವೇ ಇರಲಿಲ್ಲ. ಮನೆಯಲ್ಲಿರುವ ಅಜ್ಜಿ ಒಬ್ಬರು, ಚಿತ್ರದಲ್ಲಿ ಬರಬೇಕಾದ ಅಜ್ಜಿಯೇ ಬೇರೆ ಅಂತ ಏಳು ವರ್ಷಕ್ಕೇ ಅವಳಿಗೆ ಗೊತ್ತಾಗಿತ್ತು. ಇದು ನನ್ನನ್ನು ತುಂಬಾ ಕಾಡಿತು. ಕೈ ಪಳಗಿಲ್ಲ ಅನ್ನುವುದು ಇಲ್ಲಿ ತೊಂದರೆಯೇ ಅಲ್ಲ. ಆರು ವರ್ಷದ ಮಗುವಿನ ಗೆರೆ ಸೊಟ್ಟಗಿದ್ದರೆ ಏನೂ ನಷ್ಟವಿಲ್ಲ. ಆದರೆ ತನ್ನ ಅಜ್ಜಿ ಚಿತ್ರಕ್ಕೆ ಸಲ್ಲುವವರಲ್ಲ ಅಂತ ಮಗು ತೀರ್ಮಾನ ಮಾಡಿದ್ದರೆ ಅದು ನಷ್ಟ.

ಕೋಲಿನ ಅಜ್ಜಿ ಎಲ್ಲಿಂದ ಬಂದರು ಅಂತ ಹುಡುಕಲು ದೂರ ಹೋಗಬೇಕಿಲ್ಲ. ಗೋಡೆಯ ಚಾರ್ಟು, ಕಾರ್ಟೂನು, ಮೊಬೈಲಿನಲ್ಲಿ ಸಿಗುವ "ಸುಲಭವಾಗಿ ಅಜ್ಜಿ ಚಿತ್ರ ಬಿಡಿಸಿ" ಥರದ ವಿಡಿಯೊ. ಮೊದಲು ದುಂಡು, ಅದರ ಮೇಲೆ ಅರ್ಧ ದುಂಡು, ಎರಡು ಸೊನ್ನೆ ಸೇರಿಸಿದರೆ ಕನ್ನಡಕ. ಎರಡು ನಿಮಿಷದಲ್ಲಿ ಅಜ್ಜಿ ರೆಡಿ. ದೊಡ್ಡವರು ಶಹಬ್ಬಾಸ್ ಅನ್ನುತ್ತಾರೆ, ಮಗುವಿಗೂ ಖುಷಿ. ಅದನ್ನು ನಾನು ಕೀಳು ಮಾಡುವುದಿಲ್ಲ. ಆದರೆ ಆ ಎರಡು ನಿಮಿಷದಲ್ಲಿ ಮಗು ತನ್ನ ಅಜ್ಜಿಯನ್ನು ಒಂದು ಸಲವೂ ನೆನೆಸಿಕೊಂಡಿರುವುದಿಲ್ಲ, ಅಲ್ವಾ?

ಇನ್ನೊಂದು ಲೆಕ್ಕವೂ ಇದೆ. ನಮ್ಮ ಹಳ್ಳಿಗಳಲ್ಲಿ ಇಪ್ಪತ್ತಕ್ಕೆ ಮೊದಲ ಹೆರಿಗೆ ಆದವರು ಬೇಕಾದಷ್ಟು ಜನ. ಆ ಮಗಳಿಗೂ ಇಪ್ಪತ್ತಕ್ಕೆ ಮಗುವಾದರೆ, ಮೊಮ್ಮಗು ಎರಡನೇ ತರಗತಿಗೆ ಬರುವಾಗ ಅಜ್ಜಿಗೆ 47. ತರಗತಿಯ ಎಷ್ಟೋ ಅಜ್ಜಿಯರ ತಲೆ ಇನ್ನೂ ಕಪ್ಪಗಿತ್ತು. ಒಬ್ಬರು ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಒಬ್ಬ ತಾತ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಚಿತ್ರದಲ್ಲಿ ಮಾತ್ರ ಅವರೂ ಕೋಲೂರಿ ನಿಂತಿದ್ದರು.

ನೋಡಿಕೊಂಡು ಬನ್ನಿ, ಬರೆಯುವುದು ಬೇಡ

ಮುಂದಿನ ಹೆಜ್ಜೆಗೆ ಹೋಗುವ ಮೊದಲು ಮಕ್ಕಳ ಚಿತ್ರದ ಬಗ್ಗೆ ಒಂದೆರಡು ಮಾತು. ಮೂರು ನಾಲ್ಕು ವರ್ಷದ ಮಗು ಮನುಷ್ಯನನ್ನು ಬರೆದರೆ ತಲೆಯಿಂದಲೇ ಕಾಲು ಹೊರಡುತ್ತದೆ. ಹೊಟ್ಟೆಯೇ ಇರುವುದಿಲ್ಲ. ಲೋಕದ ಬೇರೆ ಬೇರೆ ಕಡೆ ಮಕ್ಕಳು ಈ ಹಂತ ದಾಟಿ ಬಂದದ್ದನ್ನು ಕಂಡವರಿದ್ದಾರೆ. ಆಮೇಲೆ ಮೈ ಬರುತ್ತದೆ, ಕೈ ಬರುತ್ತದೆ, ಬೆರಳು ಬರುತ್ತದೆ. ಮಗು ಕಣ್ಣಿಗೆ ಕಂಡದ್ದಕ್ಕಿಂತ ತನಗೆ ತಿಳಿದದ್ದನ್ನು ಬರೆಯುತ್ತದೆ ಎಂದು ಫ್ರಾನ್ಸಿನ ಜಾರ್ಜ್ ಹೆನ್ರಿ ಲ್ಯೂಕೆ 1927ರಲ್ಲೇ ವಿವರವಾಗಿ ಬರೆದಿದ್ದರು. ಗೋಡೆಯಾಚೆ ಇರುವ ಪಾತ್ರೆ, ಹೊಟ್ಟೆಯೊಳಗಿನ ಪಾಪು, ಎಲ್ಲವೂ ಹೊರಗೇ ಕಾಣುವ ಹಾಗೆ ಮಕ್ಕಳು ಬರೆಯುವುದು ಇದಕ್ಕೇ.

ಹಾಗಾದರೆ ಅಜ್ಜಿಯ ಬಗ್ಗೆ ಮಗುವಿಗೆ ತಿಳಿದಿರುವುದನ್ನು ಎಚ್ಚರಿಸಬೇಕು. ಅದಕ್ಕೆ ಪೆನ್ಸಿಲ್ ಬೇಕಿಲ್ಲ. ಒಂದು ವಾರ ಚಿತ್ರ ಬರೆಯುವುದನ್ನೇ ಬಿಟ್ಟೆವು. ಮನೆಗೆ ಹೋಗಿ ಅಜ್ಜಿ ತಾತನ ಪಕ್ಕ ಸುಮ್ನೆ ಕೂರಿ, ಅವರ ಕಿವಿ ನೋಡಿ, ಕೈ ಮುಟ್ಟಿ ನೋಡಿ, ಅವರು ಹೇಗೆ ಕೂರುತ್ತಾರೆ ನೋಡಿ, ಬಂದು ನನಗೆ ಹೇಳಿ. ಅಷ್ಟೇ ಕೆಲಸ.

ಮಾರನೇ ದಿನ ತಂದ ಸುದ್ದಿಗಳನ್ನು ಕೇಳಿ ನಾನೇ ದಂಗಾದೆ. ಅಜ್ಜಿಯ ಕಿವಿಯ ತೂತು ಎಷ್ಟು ದೊಡ್ಡದು ಅಂದರೆ ಅದರಲ್ಲಿ ಪೆನ್ಸಿಲ್ ತೂರುತ್ತದೆ. ಹುಣಸೆಹಣ್ಣು ಬಿಡಿಸಿ ಬಿಡಿಸಿ ಉಗುರು ಕಪ್ಪಾಗಿದೆ. ತಾತನ ಕಾಲ್ಬೆರಳು ಒಂದರ ಮೇಲೊಂದು ಹತ್ತಿಕೊಂಡಿದೆ. ಅಜ್ಜಿ ಒಂದು ಮೊಣಕಾಲು ಮೇಲೆ ಮಾಡಿಯೇ ಕೂರುವುದು, ಎರಡೂ ಮಡಚಿದರೆ ಏಳಲಿಕ್ಕೆ ಆಗುವುದಿಲ್ಲ. ಒಬ್ಬ ಹುಡುಗ ತಾತನ ಕಣ್ಣೊಳಗೆ ಬೂದಿ ಬಣ್ಣದ ಉಂಗುರ ಇದೆ ಎಂದ. ಉಳಿದವರು ನಕ್ಕರು. ಅವನು ಹೇಳಿದ್ದು ಸರಿ. ವಯಸ್ಸಾದವರಲ್ಲಿ ಕಪ್ಪುಗುಡ್ಡೆಯ ಅಂಚಿನ ಸುತ್ತ ಹಾಗೆ ಬೂದು ಉಂಗುರ ಮೂಡುವುದು ಸಾಮಾನ್ಯ. ನಮ್ಮಲ್ಲಿ ಎಷ್ಟು ಜನ ದೊಡ್ಡವರು ಅದನ್ನು ಗಮನಿಸಿದ್ದೇವೆ?

ಈ ಹುಡುಗಿ ತಂದ ಸುದ್ದಿ ಒಂದೇ. "ನಮ್ಮಜ್ಜಿ ಕೈಯಾಗೆ ಚೇಳೈತೆ ಮಿಸ್." ಹಚ್ಚೆ.

ಹೊರದೇಶದಲ್ಲಿ ಇರುವವರು, ಬೆಂಗಳೂರಿನಲ್ಲಿ ಇದ್ದು ಅಜ್ಜಿಯನ್ನು ಊರಲ್ಲಿ ಬಿಟ್ಟವರು ಇದನ್ನು ಮಾಡುವುದು ಹೇಗೆ ಎಂದು ಕೇಳಬಹುದು. ವಿಡಿಯೊ ಕಾಲಿನಲ್ಲಿ ಮೊಮ್ಮಕ್ಕಳಿಗೆ ಕಾಣುವುದು ಬಹುಪಾಲು ಅಜ್ಜಿಯ ಅರ್ಧ ಹಣೆ ಮತ್ತು ಮೇಲೆ ತಿರುಗುವ ಫ್ಯಾನು. ಯಾರಾದರೂ ಫೋನ್ ಹಿಡಿದುಕೊಂಡು ಅಜ್ಜಿಯ ಕೈ ತೋರಿಸಲಿ. ಅವರು ಸೊಪ್ಪು ಸೋಸುವುದನ್ನು, ಹೂ ಕಟ್ಟುವುದನ್ನು ಮಾತಿಲ್ಲದೆ ಐದು ನಿಮಿಷ ತೋರಿಸಲಿ. ಹೇಗಿದ್ದೀಯ, ಊಟ ಆಯ್ತಾ ಅನ್ನುವ ಮಾತಿಗಿಂತ ಮಗುವಿಗೆ ಅದು ಜಾಸ್ತಿ ನೆನಪಿರುತ್ತದೆ.

ಮುಖದಿಂದ ಶುರು ಮಾಡಲಿಲ್ಲ

ಚಿತ್ರ ಕಲಿಸುವವರು ಸಾಮಾನ್ಯವಾಗಿ ಮೊಟ್ಟೆ ಆಕಾರದ ಮುಖ ಬರೆಸಿ, ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆಸುತ್ತಾರೆ. ಕಣ್ಣು ತಲೆಯ ಸರಿ ನಡುವೆ ಬರುತ್ತದೆ ಅನ್ನುವ ನಿಯಮ ನಿಜ. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಅದು ಉಪಯೋಗಕ್ಕೂ ಬರುತ್ತದೆ. ಆ ವಯಸ್ಸಿಗೆ ಅವರಿಗೇ ತಮ್ಮ ಚಿತ್ರ ನಿಜದಂತೆ ಕಾಣಬೇಕು ಅನಿಸತೊಡಗುತ್ತದೆ. ಆರು ವರ್ಷದವರಿಗೆ ಅದು ಹೊರೆ. ಗೆರೆ ಸರಿ ಬಂತಾ ಅನ್ನುವ ಚಿಂತೆಯಲ್ಲೇ ಅಜ್ಜಿ ಮರೆತುಹೋಗುತ್ತಾರೆ.

ಅದಕ್ಕೆ ನಾವು ಕೈಯಿಂದ ಶುರು ಮಾಡಿದೆವು. ಮುಖಕ್ಕೆ ಮಕ್ಕಳ ಹತ್ತಿರ ಆಗಲೇ ಸಿದ್ಧ ಗುರುತು ಇದೆ: ಎರಡು ಚುಕ್ಕಿ, ಒಂದು ನಗುವ ಗೆರೆ. ಅಜ್ಜಿಯ ಕೈಗೆ ಅಂಥ ಸಿದ್ಧ ಗುರುತು ಯಾವ ವಿಡಿಯೊದಲ್ಲೂ ಸಿಕ್ಕಿರಲಿಲ್ಲ. ಹಾಗಾಗಿ ನೆನೆಸಿಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ. ನಲಿ-ಕಲಿ ಕೋಣೆಯಲ್ಲಿ ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ ಇರುತ್ತದಲ್ಲ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಳಿಸಿ, ಮತ್ತೆ ಬರೆದರು. ಕಾಗದ ಕೊಟ್ಟರೆ ಹಾಳಾಗುತ್ತದೆ ಅನ್ನುವ ಭಯ ಇರುತ್ತದೆ. ಹಲಗೆಯಲ್ಲಿ ಆ ಭಯ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಕ್ರಮದಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ಗೋಡೆ ಹಲಗೆಯೇ.

ವಿಕ್ಟರ್ ಲೋವೆನ್‌ಫೆಲ್ಡ್ ಅವರ ಹೆಸರನ್ನು ಕಲಾ ಶಿಕ್ಷಕರು ಕೇಳಿರುತ್ತಾರೆ. ಮಕ್ಕಳ ಚಿತ್ರದ ಹಂತಗಳನ್ನು 1947ರ ತಮ್ಮ ಪುಸ್ತಕದಲ್ಲಿ ಗುರುತಿಸಿಕೊಟ್ಟವರು. ಅವರು ಅಮೆರಿಕಕ್ಕೆ ಹೋಗುವ ಮೊದಲು ವಿಯೆನ್ನಾದಲ್ಲಿ ದೃಷ್ಟಿ ಮಂದವಾದ ಮಕ್ಕಳಿಗೆ ಕಲೆ ಕಲಿಸುತ್ತಿದ್ದರು. ಕಣ್ಣಿನಿಂದ ತಿಳಿಯುವುದರಷ್ಟೇ ಮುಟ್ಟಿ ತಿಳಿಯುವುದೂ ಚಿತ್ರಕ್ಕೆ ಇಳಿಯುತ್ತದೆ ಅನ್ನುವುದು ಅವರಿಗೆ ಅಲ್ಲಿ ಕಂಡಿತ್ತು. ಅಜ್ಜಿಯ ಕೈ ಮುಟ್ಟಿ ಬನ್ನಿ ಎಂದದ್ದರ ಹಿಂದೆ ಇದೂ ಇತ್ತು. ನರ ಉಬ್ಬಿದ್ದು, ಚರ್ಮ ಎಳೆದರೆ ಹಾಗೇ ನಿಲ್ಲುವುದು, ಬಳೆ ಸವೆದ ಜಾಗ, ಇವೆಲ್ಲ ನೋಡಿದ್ದಕ್ಕಿಂತ ಮುಟ್ಟಿದ್ದರಿಂದ ಬಂದ ಗೆರೆಗಳು.

ಸುಕ್ಕು ಬರೆಯುವುದು ಕಷ್ಟವಾಯಿತು. ಮುಖದ ತುಂಬ ಬಲೆ ಹೆಣೆದ ಹಾಗೆ ಗೆರೆ ಎಳೆದುಬಿಡುತ್ತಿದ್ದರು. ಆಗ ಒಂದು ಆಟ ಆಡಿದೆವು. ಇಬ್ಬಿಬ್ಬರು ಎದುರುಬದುರು ಕೂತು ಕಣ್ಣು ಗಟ್ಟಿಯಾಗಿ ಮುಚ್ಚುವುದು. ಗೆರೆ ಎಲ್ಲಿ ಬಂತು? ಕಣ್ಣಿನ ಹೊರಮೂಲೆಯಲ್ಲಿ. ಹುಬ್ಬು ಮೇಲೆತ್ತಿದರೆ ಹಣೆಯಲ್ಲಿ ಅಡ್ಡಡ್ಡ. ನಕ್ಕರೆ ಮೂಗಿನ ಪಕ್ಕದಿಂದ ಬಾಯಿಯ ತುದಿಗೆ. ಅಜ್ಜಿ ಇಷ್ಟು ವರ್ಷ ನಕ್ಕಿದ್ದಾರೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾರೆ, ಅದಕ್ಕೇ ಆ ಗೆರೆಗಳು ಅಲ್ಲೇ ಉಳಿದಿವೆ ಎಂದೆ. ಆಮೇಲೆ ಬಲೆ ಹೆಣೆಯುವುದು ನಿಂತಿತು. ಎಲ್ಲರದೂ ಅಲ್ಲ, ಬಹಳಷ್ಟು ಮಕ್ಕಳದು.

ಮೈಬಣ್ಣದ ವಿಷಯ

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಣ್ಣದ ಡಬ್ಬಿಯಲ್ಲಿ ಮಕ್ಕಳು 'ಸ್ಕಿನ್ ಕಲರ್' ಅನ್ನುವ ಒಂದು ಕಡ್ಡಿ ಇರುತ್ತದೆ. ತಿಳಿ ಗುಲಾಬಿ ಬಣ್ಣ. ಇಡೀ ತರಗತಿಯಲ್ಲಿ ಆ ಬಣ್ಣದ ಒಬ್ಬ ಅಜ್ಜಿಯೂ ಇಲ್ಲ. ಆದರೆ ಎಲ್ಲರೂ ಅದಕ್ಕೇ ಕೈ ಹಾಕಿದರು, ಇದ್ದ ಒಂದೆರಡು ಕಡ್ಡಿಗೆ ಜಗಳವೂ ಆಯಿತು. ಅಮೆರಿಕದ ಕ್ರೆಯೋಲಾ ಕಂಪನಿ ಇಂಥದೇ ಬಣ್ಣಕ್ಕೆ ಇಟ್ಟಿದ್ದ 'ಫ್ಲೆಶ್' ಅನ್ನುವ ಹೆಸರನ್ನು 1962ರಲ್ಲಿ 'ಪೀಚ್' ಎಂದು ಬದಲಿಸಿತು. ನಮ್ಮ ಮಕ್ಕಳ ಬಾಯಲ್ಲಿ ಅದು ಇನ್ನೂ ಮೈಬಣ್ಣವೇ.

ಒಬ್ಬ ಹುಡುಗ ಮೆಲ್ಲಗೆ ಹೇಳಿದ: "ನಮ್ಮಜ್ಜಿ ಕರ್ರಗೈತೆ ಮಿಸ್. ಕರ್ರಗೆ ಬರೆದ್ರೆ ಚೆಂದ ಕಾಣಲ್ಲ."

ಇದಕ್ಕೆ ಭಾಷಣದಿಂದ ಉತ್ತರ ಕೊಡಲು ಆಗುವುದಿಲ್ಲ. ಎಲ್ಲರೂ ಬಲ ಮುಂಗೈಯನ್ನು ಸಾಲಾಗಿ ಇಡಿ ಎಂದೆ, ನನ್ನದನ್ನೂ ಸೇರಿಸಿದೆ. ಯಾವ ಎರಡೂ ಒಂದೇ ಬಣ್ಣ ಇರಲಿಲ್ಲ. ಆಮೇಲೆ ಕಾಗದದ ತುಂಡುಗಳಲ್ಲಿ ತಮ್ಮ ಕೈಯ ಬಣ್ಣ ಹುಡುಕುವುದೇ ಆಟವಾಯಿತು. ಕಂದು ಬಣ್ಣ ಹಗುರವಾಗಿ ಹಚ್ಚಿ ಮೇಲೆ ಕಿತ್ತಳೆ ತಿಕ್ಕಿದರೆ ಒಂದು ಬಣ್ಣ. ಕಂದಿನ ಮೇಲೆ ಹಳದಿ ಬಂದರೆ ಇನ್ನೊಂದು. ಕಂದಿನ ಮೇಲೆ ನೇರಳೆ ತೆಳ್ಳಗೆ ಎಳೆದು, ಕೆನ್ನೆ ಮತ್ತು ಮೂಗಿನ ತುದಿಯಲ್ಲಿ ಕಿತ್ತಳೆ ಮುಟ್ಟಿಸಿದರೆ ಬಿಸಿಲಲ್ಲಿ ದುಡಿದ ಕಪ್ಪು ಮುಖಕ್ಕೆ ಜೀವ ಬರುತ್ತದೆ. ಬರೀ ಕಪ್ಪು ಕಡ್ಡಿ ತಿಕ್ಕಿದರೆ ಮುಖ ಸತ್ತಂತೆ ಕಾಣುತ್ತದೆ. 'ಚೆಂದ ಕಾಣಲ್ಲ' ಅಂತ ಹುಡುಗ ಹೇಳಿದ್ದರಲ್ಲಿ ಅಷ್ಟು ನಿಜ ಇತ್ತು. ಒಲೆಯ ಇದ್ದಿಲು, ಅಂಗಳಕ್ಕೆ ತರುವ ಕೆಮ್ಮಣ್ಣು ಕೂಡ ತಂದೆವು. ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಬೆರಳಲ್ಲೇ ಹಚ್ಚಿದರು. ಆ ಹುಡುಗ ಇದ್ದಿಲಿನಲ್ಲಿ ಅಜ್ಜಿಯ ಕೂದಲು ಬರೆದು, ಮುಖಕ್ಕೆ ಕೆಮ್ಮಣ್ಣು ಹಚ್ಚಿ, ಹಣೆಗೆ ಕೆಂಪು ಕಡ್ಡಿಯಲ್ಲಿ ದೊಡ್ಡ ಕುಂಕುಮ ಇಟ್ಟ. ಕರ್ರಗಿನ ಮಾತು ಮತ್ತೆ ಎತ್ತಲಿಲ್ಲ.

ಚಿತ್ರ ಕಲಿಸುವ ಎಲ್ಲರಲ್ಲೂ ನನ್ನದೊಂದು ಬೇಡಿಕೆ. ಬೇರೆ ಏನನ್ನೂ ಬದಲಿಸದಿದ್ದರೂ ಪರವಾಗಿಲ್ಲ, ಆ ಗುಲಾಬಿ ಕಡ್ಡಿಯನ್ನು ಮೈಬಣ್ಣ ಎಂದು ಕರೆಯುವುದನ್ನು ನಿಲ್ಲಿಸಿ.

ಹುಡುಗಿಯ ಎರಡನೇ ಚಿತ್ರ

ಈಗ ಆ ಹುಡುಗಿಯ ಚಿತ್ರಕ್ಕೆ ಬರುತ್ತೇನೆ. ಕಾಗದದ ಮುಕ್ಕಾಲು ಭಾಗ ಒಂದೇ ಕೈ. ಮೊಣಕೈಯಿಂದ ಬೆರಳಿನವರೆಗೆ. ಅದರ ಮೇಲೆ ಹಸಿರು ಚೇಳು, ಚೇಳಿನ ಸುತ್ತ ಚುಕ್ಕಿ. ಮಣಿಕಟ್ಟಿನಲ್ಲಿ ಬಳೆ. ಮೂಲೆಯಲ್ಲಿ ಸಣ್ಣ ತಲೆ, ಅರ್ಧ ಕಪ್ಪು ಅರ್ಧ ಬಿಳಿ ಕೂದಲು, ಕಿವಿ ಮಾತ್ರ ಜೋಲುಬಿದ್ದು ಭುಜ ಮುಟ್ಟುತ್ತಿತ್ತು. ಸೀರೆಯ ಒಳಗಿಂದ ಕಾಣುವ ಹಾಗೆ ಸೊಂಟದಲ್ಲಿ ಎಲೆಅಡಿಕೆ ಸಂಚಿ. ಸಂಚಿಯೊಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಜೊತೆಗೆ ಒಂದು ನಾಣ್ಯ. ಲ್ಯೂಕೆ ಹೇಳಿದ್ದು ಇದೇ. ಸೆರಗಿನ ಮರೆಯಲ್ಲಿ ಸಂಚಿ ಇದೆ ಅಂತ ಅವಳಿಗೆ ಗೊತ್ತು, ಅದರಿಂದ ಮಿಠಾಯಿಗೆ ಕಾಸು ಬರುತ್ತದೆ ಅಂತಲೂ ಗೊತ್ತು. ಹಾಗಾಗಿ ಸೀರೆ ಅದನ್ನು ಮುಚ್ಚುವಂತಿಲ್ಲ.

ಶಾಲೆಗೆ ಬಂದಿದ್ದ ಪೋಷಕರೊಬ್ಬರು ಚಿತ್ರ ನೋಡಿ, "ಕೈ ಇಷ್ಟು ದೊಡ್ಡದಾಯ್ತು, ಸ್ವಲ್ಪ ತಿದ್ದಿ ಹೇಳ್ಕೊಡಿ ಮೇಡಂ" ಎಂದರು. ಕಾಳಜಿಯಿಂದಲೇ ಹೇಳಿದ್ದು. ಆದರೆ ಈ ವಯಸ್ಸಿನ ಚಿತ್ರದಲ್ಲಿ ಮಗುವಿಗೆ ಮುಖ್ಯ ಅನಿಸಿದ್ದು ದೊಡ್ಡದಾಗುವುದು ಸಹಜ. ಅದನ್ನು ತಿದ್ದಿದರೆ ಅವಳು ಹೇಳಹೊರಟದ್ದೇ ಹೋಗುತ್ತದೆ. ತಲೆ ಬಾಚುವುದು ಆ ಕೈ, ತುತ್ತು ಕೊಡುವುದು ಆ ಕೈ. ಅವಳು ದಿನಾ ಬೆಳಿಗ್ಗೆ ಎದ್ದು ಮೊದಲು ನೋಡುವುದೂ ಬಹುಶಃ ಅದನ್ನೇ. ತಿದ್ದಲಿಲ್ಲ.

ಇದರ ಇನ್ನೊಂದು ತುದಿಯೂ ಅಪಾಯದ್ದೇ. ಮಗುವಿನ ಚಿತ್ರ ನೋಡಿ ಬುದ್ಧಿ ಅಳೆಯುವ, ಮನಸ್ಸು ಓದುವ ಚಟ. ಅಮೆರಿಕದ ಫ್ಲಾರೆನ್ಸ್ ಗುಡೆನಫ್ 1926ರಲ್ಲಿ, ಮಗು ಬರೆದ ಮನುಷ್ಯನ ಚಿತ್ರದಲ್ಲಿ ಎಷ್ಟು ವಿವರಗಳಿವೆ ಎಂದು ಎಣಿಸಿ ಬುದ್ಧಿಮಟ್ಟ ಅಂದಾಜು ಮಾಡುವ ಪರೀಕ್ಷೆ ತಂದರು. ಅದು ಬಹಳ ಕಡೆ ಬಳಕೆಗೂ ಬಂತು. ಮೊದಲ ಚಿತ್ರದಲ್ಲಿ ಈ ಹುಡುಗಿಯ ಅಜ್ಜಿಗೆ ಕನ್ನಡಕ, ಕೋಲು, ತುರುಬು, ಚಪ್ಪಲಿ, ಎರಡು ಕೈ, ಎರಡು ಕಾಲು ಎಲ್ಲ ಇದ್ದವು. ಎರಡನೆಯದರಲ್ಲಿ ಕಾಲೇ ಇಲ್ಲ. ಬರೀ ಎಣಿಸುತ್ತಾ ಹೋದರೆ ಮೊದಲನೆಯದೇ ಗೆದ್ದೀತು. ಕಾಲಿಲ್ಲ ಎಂದರೆ ಮಗುವಿಗೆ ಏನೋ ಕೊರತೆ ಇರಬೇಕು ಎಂದು ಅರ್ಥ ಹಚ್ಚುವವರೂ ಇದ್ದಾರೆ. ಅವಳನ್ನೇ ಕೇಳಿದೆ. "ಜಾಗ ಸಾಲ್ಲಿಲ್ಲ ಮಿಸ್" ಎಂದಳು.

ತಾತನನ್ನು ನೋಡಿಯೇ ಇಲ್ಲದ ಒಬ್ಬ ಹುಡುಗನೂ ಇದ್ದ. ಅವನು ಹುಟ್ಟುವ ಮೊದಲೇ ತಾತ ತೀರಿಕೊಂಡಿದ್ದರು. ಮನೆಯಲ್ಲಿ ಹಾರ ಹಾಕಿದ ಫೋಟೊ ಇದೆ. ಅದನ್ನು ನೋಡಿ ಬರೆಯಲು ಹೋದರೆ ಆಧಾರ್ ಕಾರ್ಡಿನ ಮುಖ ಬರುತ್ತಿತ್ತು. ಅಜ್ಜಿಯನ್ನು ಕೇಳಿಕೊಂಡು ಬಾ ಎಂದೆ. ಅವರು ಕುರಿ ಕಾಯುತ್ತಿದ್ದರಂತೆ, ಹೆಗಲ ಮೇಲಿನ ಕಂಬಳಿ ಬೇಸಿಗೆಯಲ್ಲೂ ಇಳಿಸುತ್ತಿರಲಿಲ್ಲವಂತೆ. ಕಂಬಳಿ ಈಗಲೂ ಮನೆಯ ಗೂಟದಲ್ಲಿದೆ. ಹುಡುಗ ಕಂಬಳಿ ಬರೆದ, ಸುತ್ತ ಕುರಿಗಳನ್ನು ಬರೆದ. ಮುಖ ಇಲ್ಲ. ಅದನ್ನು ತಾತನ ಚಿತ್ರ ಎಂದೇ ಒಪ್ಪಿಕೊಂಡೆ. ಎಲ್ಲರ ಮನೆಯಲ್ಲೂ ಅಜ್ಜಿ ತಾತ ಇರುವುದಿಲ್ಲ, ಇದ್ದರೂ ಮಾತುಕತೆ ಇರುವುದಿಲ್ಲ. ಅಂಥ ಮಕ್ಕಳಿಗೆ ಪಕ್ಕದ ಮನೆಯ ಅಜ್ಜಿಯಾದರೂ ಸರಿ, ಅಂಗನವಾಡಿ ಸಹಾಯಕಿಯಾದರೂ ಸರಿ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗುರುತು ಹಿಡಿಯುವ ದಿನ

ಚಿತ್ರಗಳಿಗೆ ಮಾರ್ಕ್ಸ್ ಕೊಡಲಿಲ್ಲ. ಮಕ್ಕಳ ಹೆಸರನ್ನು ಹಿಂಬದಿಗೆ ಬರೆದು, ತಲೆಯ ಮೇಲಿನ ದಾರದ ಚಪ್ಪರಕ್ಕೆ ಎಲ್ಲವನ್ನೂ ತೂಗುಹಾಕಿದೆವು. ಅಜ್ಜಿ ತಾತಂದಿರನ್ನು ಶಾಲೆಗೆ ಕರೆದು, ನಿಮ್ಮನ್ನು ನೀವು ಹುಡುಕಿಕೊಳ್ಳಿ ಎಂದೆವು. ಚಿತ್ರ ಅವರಂತೆ ಇದೆಯೋ ಇಲ್ಲವೋ ಅನ್ನುವುದನ್ನು ಅವರಿಗಿಂತ ಚೆನ್ನಾಗಿ ಹೇಳುವವರು ಯಾರು?

ಬಹಳಷ್ಟು ಜನ ಹುಡುಕಿಕೊಂಡರು. ಟ್ರ್ಯಾಕ್ಟರ್ ತಾತನಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಬೂದು ಉಂಗುರದ ಕಣ್ಣಿನ ತಾತ ಬೇರೆ ಚಿತ್ರ ತೋರಿಸಿದರು. ಮೊಮ್ಮಗ ಅವರ ಕೈ ಹಿಡಿದು ಎಳೆದುಕೊಂಡು ಹೋಗಿ ತನ್ನದನ್ನು ತೋರಿಸಿದ. "ನನ್ ಕಣ್ಣಾಗೆ ಇದೇನೋ ಹಿಂಗೆ?" ಎಂದು ಅವರು ಕೇಳಿದ್ದು, ಶಾಲೆಯ ಸಣ್ಣ ಕನ್ನಡಿಯಲ್ಲಿ ನೋಡಿಕೊಂಡದ್ದು ಎಲ್ಲರಿಗೂ ತಮಾಷೆಯಾಯಿತು.

ಹುಡುಗಿಯ ಅಜ್ಜಿ ಚೇಳನ್ನು ನೋಡಿ ನಿಂತರು. "ನಂದೇ ಅಲ್ವೇನ್ರಿ ಮೇಡಮ್ಮೋರೆ ಇದು. ಕೈ ಯಾಕಮ್ಮಿ ಇಷ್ಟ್ ದಪ್ಪ ಮಾಡಿದ್ದೀಯ?" ಎಂದು ಮೊಮ್ಮಗಳನ್ನು ಗದರಿದರು. ಆಮೇಲೆ ಕೇಳದೆಯೇ ಕತೆ ಶುರುವಾಯಿತು. ಮದುವೆಗೆ ಮೊದಲು ಊರಿಗೆ ಹಚ್ಚೆ ಹಾಕುವ ಹೆಂಗಸು ಬಂದಿದ್ದಳು. ಸೂಜಿ ಚುಚ್ಚುವಾಗ ನೋವು ಗೊತ್ತಾಗದಿರಲಿ ಅಂತ ಹಾಡು ಹೇಳುತ್ತಿದ್ದಳು. ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲಿ ಕಲಸಿ ಹಚ್ಚಿದಳು. ಒಡವೆ ವಸ್ತ್ರ ಎಲ್ಲ ಇಲ್ಲೇ ಬಿಟ್ಟು ಹೋಗಬೇಕು, ಹಚ್ಚೆಯೊಂದೇ ಜೊತೆಗೆ ಬರುವುದು ಅಂತ ಅವ್ವ ಹೇಳಿದ್ದಳು. ಹಳೇ ಮೈಸೂರಿನ ಕಡೆಯ ಎಷ್ಟೋ ಹಿರಿಯ ಹೆಂಗಸರು ಇದೇ ಮಾತು ಹೇಳುವುದನ್ನು ಕೇಳಿದ್ದೇನೆ. ಇವರ ಬಾಯಿಂದ ಮೊಮ್ಮಗಳು ಅದನ್ನು ಕೇಳಿದ್ದು ಅವತ್ತೇ ಮೊದಲು. ಚೇಳು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು, ಅದರ ಕತೆ ಗೊತ್ತಿರಲಿಲ್ಲ. ಚಿತ್ರ ಬರೆಯದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅಜ್ಜಿಯೂ ಹೇಳುತ್ತಿರಲಿಲ್ಲ.

ಕತೆ ಮುಗಿದ ಮೇಲೆ ಹುಡುಗಿ ಚಿತ್ರ ಇಳಿಸಿಕೊಡಿ ಎಂದು ಹಟ ಹಿಡಿದಳು. ಹಚ್ಚೆಯವಳನ್ನೂ ಬರೆಯಬೇಕಂತೆ. ಜಾಗ ಇರಲಿಲ್ಲ. ಇನ್ನೊಂದು ಹಾಳೆಯನ್ನು ಪಕ್ಕದಲ್ಲಿ ಗೋಂದು ಹಚ್ಚಿ ಅಂಟಿಸಿಕೊಟ್ಟೆ.

ಮೊದಲ ಚಿತ್ರಗಳನ್ನೂ ಎತ್ತಿಟ್ಟಿದ್ದೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೆರೆ ಎಳೆಯುವುದರಲ್ಲಿ ಮಕ್ಕಳೇನೂ ಮುಂದೆ ಹೋಗಿಲ್ಲ. ಕಾಲು ಇನ್ನೂ ಕಡ್ಡಿಯಂತೆಯೇ ಇದೆ, ಕಣ್ಣು ಇನ್ನೂ ಹಣೆಗೆ ಹತ್ತಿದೆ. ಎರಡನೇ ಚಿತ್ರದಲ್ಲೂ ಕೆಲವರು ಕೋಲು ಬರೆದರು. ಅವರಲ್ಲಿ ಒಬ್ಬನ ತಾತ ನಿಜವಾಗಿಯೂ ಕೋಲು ಹಿಡಿಯುತ್ತಾರೆ, ಅವನ ಕೋಲಿಗೆ ತುದಿಯಲ್ಲಿ ರಬ್ಬರ್ ಬೂಟೂ ಇತ್ತು. ಪ್ರತಿ ಚಿತ್ರದ ಹಿಂದೆ ತಾರೀಕು ಹಾಕಿ, ಬರೆಯುವಾಗ ಮಗು ಹೇಳಿದ ಮಾತನ್ನು ಅದರ ಬಾಯಲ್ಲಿ ಬಂದ ಹಾಗೇ ಬರೆದಿದ್ದೇನೆ. ಮನೆಯಲ್ಲಿ ಬರೆಸುವವರೂ ಹೀಗೆ ಮಾಡಿದರೆ ಒಳ್ಳೆಯದು. ಎರಡು ವರ್ಷ ಕಳೆದರೆ ಆ ಚುಕ್ಕಿ ಏನು, ಆ ನಾಣ್ಯ ಯಾಕೆ ಅಂತ ಮಗುವಿಗೇ ನೆನಪಿರುವುದಿಲ್ಲ.

ಗೋಡೆಯ ಚಾರ್ಟು ಅಲ್ಲೇ ಇದೆ. ಜೂನ್‌ನಲ್ಲಿ ಒಂದನೇ ತರಗತಿಗೆ ಹೊಸ ಮಕ್ಕಳು ಬರುತ್ತಾರೆ. ಅವರಿಗೆ ಕುಟುಂಬದ ಪಾಠ ಶುರುವಾಗುವ ಮೊದಲೇ ಅಜ್ಜಿಯ ಕೈ ನೋಡಿಕೊಂಡು ಬರುವ ಕೆಲಸ ಕೊಡಬೇಕೆಂದಿದ್ದೇನೆ.